ನಾಲ್ಕು ಗಂಟೆ ಹತ್ತು ನಿಮಿಷದ ದೂರ

"ವಿಮಾನ ಅನ್ನೋ ಮಾತೇ ಎತ್ತಬೇಡಿ," ಎಂದರು ಕಣ್ಣಿನ ಡಾಕ್ಟರು.

ಕನ್ನಡಕದಕ್ಕ ಬಲಗಣ್ಣಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಸರಿಪಡಿಸಿಕೊಳ್ಳುತ್ತ, "ನಾಲ್ಕು ಗಂಟೆ ಹತ್ತೇ ನಿಮಿಷ ಡಾಕ್ಟ್ರೇ. ಕೂತು ಏಳೋದ್ರೊಳಗೆ ಮುಗಿದುಹೋಗುತ್ತೆ," ಎಂದಳು.

"ನಾಲ್ಕು ಗಂಟೆ ಬೇಡ, ಮೇಲೆ ಏರೋ ಇಪ್ಪತ್ತು ನಿಮಿಷವೇ ಸಾಕು. ನಿಮ್ಮ ಕಣ್ಣೊಳಗೆ ಗ್ಯಾಸಿನ ಗುಳ್ಳೆ ಬಿಟ್ಟಿದೀನಿ. ಹರಿದ ಪರದೆ ಅಂಟಿಕೊಳ್ಳಲಿ ಅಂತ ಅದು ಒಳಗಿಂದ ಒತ್ತಿ ಹಿಡ್ಕೊಂಡಿದೆ. ಮೇಲೆ ಹೋದ ಹಾಗೆ ಹೊರಗಿನ ಒತ್ತಡ ಕಡಿಮೆ ಆಗುತ್ತೆ, ಗುಳ್ಳೆ ಹಿಗ್ಗುತ್ತೆ. ಹಿಗ್ಗೋಕೆ ಜಾಗ ಎಲ್ಲಿದೆ? ಕಣ್ಣೇ ಹೋಗುತ್ತೆ."

"ಗುಳ್ಳೆ ಕರಗೋದು ಯಾವಾಗ?"

"ಇನ್ನೂ ಐದಾರು ವಾರ."

"ನನಗಿರೋದು ಆರು ದಿನ," ಎಂದಳು ಕನ್ನಡಕದಕ್ಕ.

ಅವಳನ್ನು ಬೀದಿಯವರೆಲ್ಲ ಹಾಗೆಯೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅವಳು ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜಿನ ಅಂಚು ಮಸೆದು ಫ್ರೇಮಿಗೆ ಕೂರಿಸುವ ಕೆಲಸ ಮಾಡುತ್ತಿದ್ದಳು. ಕೂದಲೆಳೆಯಷ್ಟು ಹೆಚ್ಚು ಮಸೆದರೆ ಗಾಜು ಅಲ್ಲಾಡುತ್ತದೆ, ಕಡಿಮೆಯಾದರೆ ಫ್ರೇಮು ಸೀಳುತ್ತದೆ. ಅದನ್ನು ಅವಳು ಬೆರಳ ತುದಿಯಲ್ಲೇ ತಿಳಿಯುತ್ತಿದ್ದಳು. ಒಂದು ಬೆಳಿಗ್ಗೆ ಬಲಗಣ್ಣಿನ ಮೂಲೆಯಲ್ಲಿ ಕಪ್ಪು ಪರದೆ ಇಳಿದಂತಾಗಿ, ಸಂಜೆಯೊಳಗೆ ಅರ್ಧ ಲೋಕ ಮರೆಯಾಯಿತು. ಮರುದಿನವೇ ಆಪರೇಷನ್ ಆಯಿತು. "ಊರವರ ಕಣ್ಣಿಗೆಲ್ಲ ಗಾಜು ಕೂರಿಸೋಳಿಗೆ ತನ್ನ ಕಣ್ಣು ಹರಿದದ್ದು ಗೊತ್ತಾಗಲಿಲ್ವಲ್ಲಮ್ಮ," ಎಂದು ಅಂಗಡಿಯ ಯಜಮಾನರು ತಮಾಷೆ ಮಾಡಲು ಹೋಗಿ ತಾವೇ ಕಣ್ಣೊರೆಸಿಕೊಂಡಿದ್ದರು. ಅದಾಗಿ ಇಂದಿಗೆ ಹನ್ನೆರಡು ದಿನ.

ಆರು ದಿನದ ಲೆಕ್ಕ ಬೇರೆಯದು. ಅವಳ ತಂಗಿ ದೂರದ ನಗರದಲ್ಲಿ ನರ್ಸಾಗಿದ್ದಳು. ಗಂಡ ಎಂದೋ ಬಿಟ್ಟು ಹೋಗಿದ್ದ. ಐದು ತಿಂಗಳ ಹಿಂದೆ ಒಂದು ವಾರದ ಕಾಯಿಲೆಯಲ್ಲಿ ತಂಗಿ ತೀರಿಕೊಂಡಳು. ಒಂಬತ್ತು ವರ್ಷದ ಮಗಳು ಉಳಿದಳು. ಕನ್ನಡಕದಕ್ಕ ಅಂದು ವಿಮಾನದಲ್ಲಿ ಹಾರಿ ಹೋಗಿ ಮಣ್ಣು ಮಾಡಿ, ಹುಡುಗಿಯ ಕೈಹಿಡಿದು ಹೊರಟೇಬಿಟ್ಟಿದ್ದಳು. ಆದರೆ ಮಕ್ಕಳ ಇಲಾಖೆಯ ಅಧಿಕಾರಿಣಿ ತಡೆದರು. ಅರ್ಜಿ ಹಾಕಬೇಕು, ವಿಚಾರಣೆ ಆಗಬೇಕು, ಅಲ್ಲಿಯವರೆಗೆ ಮಗು ಇಲಾಖೆಯ ಮನೆಯಲ್ಲೇ ಇರಬೇಕು. ಅರ್ಜಿ ಹಾಕಿದ್ದಾಯಿತು. ವಿಚಾರಣೆ ಎರಡು ಸಲ ಮುಂದಕ್ಕೆ ಹೋಯಿತು. ಮೊದಲನೆಯದು ಕೋರ್ಟಿನ ಕಾರಣಕ್ಕೆ, ಎರಡನೆಯದು ಅವಳ ಆಪರೇಷನ್ನಿಗೆ. ಈಗ ಕಾಗದ ಬಂದಿತ್ತು: ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಖುದ್ದು ಹಾಜರಾಗದಿದ್ದರೆ ಅರ್ಜಿ ಕೈಬಿಟ್ಟಂತೆ, ಮಗುವನ್ನು ಪಟ್ಟಿಯಲ್ಲಿ ಕಾದಿರುವ ಬೇರೆ ಕುಟುಂಬಕ್ಕೆ ಒಪ್ಪಿಸಲಾಗುವುದು. ಫೋನಿನಲ್ಲಿ ಮುಖ ತೋರಿಸಿದರೆ ನಡೆಯುತ್ತದೆಯೇ ಎಂದು ವಕೀಲರು ಕೇಳಿ ನೋಡಿದ್ದರು. ಮಗುವನ್ನು ಕೈಗೆ ಕೊಡುವ ವಿಷಯ, ಕೈ ಎದುರಿಗೇ ಇರಬೇಕು ಎಂಬ ಉತ್ತರ ಬಂದಿತ್ತು.

ಡಾಕ್ಟರ ಕೋಣೆಯ ಬಾಗಿಲು ತಟ್ಟದೆಯೇ ತೆರೆಯಿತು. ಅತ್ತಿಗೆ ಒಳಗೆ ಬಂದರು. ಕನ್ನಡಕದಕ್ಕನ ಅಣ್ಣ ತೀರಿಹೋಗಿ ಎಂಟು ವರ್ಷವಾಗಿತ್ತು. ಅಂದಿನಿಂದ ಈ ಇಬ್ಬರು ಹೆಂಗಸರು ಒಂದೇ ಮನೆಯಲ್ಲಿದ್ದರು. ಅತ್ತಿಗೆ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದು ಕಳೆದ ವರ್ಷ ನಿವೃತ್ತರಾಗಿದ್ದರು. ಗಂಟಲು ಮಾತ್ರ ಇನ್ನೂ ನಿವೃತ್ತವಾಗಿರಲಿಲ್ಲ.

"ಹೊರಗೆ ಎಲ್ಲಾ ಕೇಳಿಸ್ತು," ಎಂದರು. "ವಿಮಾನ ಬೇಡ, ಬಿಡಿ. ನೆಲದ ಮೇಲೆ ಹೋದ್ರೆ?"

ಡಾಕ್ಟರು ಯೋಚಿಸಿದರು. "ಹೋಗಬಹುದು. ಆದರೆ ಸಮತಟ್ಟು ದಾರೀಲಿ. ಗುಡ್ಡ ಬೆಟ್ಟ ಹತ್ತೋ ಹಾಗಿಲ್ಲ. ತಲೆ ತಗ್ಗಿಸಿಯೇ ಕೂತಿರಬೇಕು, ಅಂಗಾತ ಮಲಗಬಾರದು. ಕಣ್ಣು ನೋಯ್ತು ಅಂದ್ರೆ ತಕ್ಷಣ ಕೆಳಗಿಳೀಬೇಕು. ಆದರೆ ಅಷ್ಟು ದೂರ..."

"ದೂರದ ಚಿಂತೆ ನನಗಿರಲಿ," ಎಂದರು ಅತ್ತಿಗೆ.

ಆ ಮಧ್ಯಾಹ್ನ ಊಟದ ಮೇಜಿನ ಮೇಲೆ ನಕ್ಷೆ ಹರಡಿತು. ಆಕಾಶದಲ್ಲಿ ಮೂರು ಸಾವಿರದ ಅರವತ್ತು ಕಿಲೋಮೀಟರ್. ಆದರೆ ರೈಲು ಹಕ್ಕಿಯಂತೆ ನೇರ ಹೋಗುವುದಿಲ್ಲ. ನದಿ ಸುತ್ತಿ, ಬೆಟ್ಟದ ಬುಡದ ಸುರಂಗ ಹೊಕ್ಕು ಹೋಗುವಾಗ ಅದು ನಾಲ್ಕು ಸಾವಿರ ದಾಟುತ್ತದೆ. ಅತ್ತಿಗೆ ವೇಳಾಪಟ್ಟಿಗಳನ್ನು ಒಂದರ ಪಕ್ಕ ಒಂದು ಇಟ್ಟು ಪೆನ್ಸಿಲ್ಲಿನಿಂದ ಗುರುತು ಹಾಕಿದರು.

"ನಾಳೆ ಬೆಳಿಗ್ಗೆ ಹೊರಟ್ರೆ ಮಂಗಳವಾರಕ್ಕೆ ಅಲ್ಲಿರ್ತೀವಿ. ಒಂದು ದಿನ ಕೈಯಲ್ಲೇ ಉಳಿಯುತ್ತೆ."

"ಅತ್ತಿಗೆ, ನಿಮ್ಮ ಮಂಡಿನೋವು?"

"ಮಂಡಿ ನನ್ನ ಜೊತೆ ಬರುತ್ತೆ. ಬೇಡ ಅಂದ್ರೂ ಬರುತ್ತೆ. ನೀನು ಚೀಲ ಕಟ್ಟು."

ಮೊದಲ ರೈಲಿನಲ್ಲಿ ಮೂವತ್ತೊಂದು ಗಂಟೆ. ಕನ್ನಡಕದಕ್ಕ ಮೊಣಕೈ ತೊಡೆಗೂರಿ, ಅಂಗೈಯಲ್ಲಿ ಹಣೆಯಿಟ್ಟು ನೆಲ ನೋಡುತ್ತ ಕೂತಳು. ಕಣ್ಣಿನೊಳಗೆ ಗುಳ್ಳೆ, ಅರ್ಧ ತುಂಬಿದ ಬಾಟಲಿಯ ನೀರಿನಂತೆ, ರೈಲು ಕುಲುಕಿದಾಗಲೆಲ್ಲ ತುಳುಕುತ್ತಿತ್ತು. ಎರಡು ದಿನದಲ್ಲಿ ಅವಳಿಗೆ ಬೋಗಿಯವರೆಲ್ಲ ಚಪ್ಪಲಿಯಿಂದ ಪರಿಚಯವಾದರು. ಹಿಮ್ಮಡಿ ಸವೆದ ಕಂದು ಬೂಟು ನಿದ್ದೆಯಲ್ಲಿ ಮಾತಾಡುತ್ತಿತ್ತು. ಕೆಂಪು ಚಪ್ಪಲಿ ಮಗುವಿಗೆ ಒಂದೇ ಕಥೆಯನ್ನು ಏಳು ಸಲ ಹೇಳಿತು. ಏನೋ ಕಳೆದುಕೊಂಡಿರಬೇಕು ಎಂದು ಒಬ್ಬರು ಬಗ್ಗಿ ಸೀಟಿನಡಿ ಹುಡುಕಿಕೊಟ್ಟರು. ಏನೂ ಸಿಗದಿದ್ದಕ್ಕೆ ಕ್ಷಮೆಯನ್ನೂ ಕೇಳಿದರು. ಅತ್ತಿಗೆಗೆ ನಗು ತಡೆಯಲಾಗಲಿಲ್ಲ.

ಭಾನುವಾರ ಮಧ್ಯಾಹ್ನ ರೈಲು ಬದಲಿಸುವ ನಿಲ್ದಾಣದಲ್ಲಿ ಇಳಿದಾಗ ನಗು ನಿಂತಿತು. ಮುಂದಿನ ರೈಲು ರದ್ದಾಗಿತ್ತು. ಸುರಂಗದೊಳಗೆ ಸರಕಿನ ರೈಲಿನ ಬೋಗಿಗಳು ಹಳಿ ತಪ್ಪಿದ್ದವು. ದಾರಿ ತೆರವಾಗಲು ನಾಲ್ಕು ದಿನ ಬೇಕು ಎಂದರು ಕೌಂಟರಿನವರು. ಪ್ರಯಾಣಿಕರಿಗೆ ಮರುದಿನ ಬೆಳಿಗ್ಗೆ ಬಸ್ಸಿನ ಏರ್ಪಾಡಾಗಿತ್ತು. ಸುರಂಗದೊಳಗಲ್ಲ, ಬೆಟ್ಟದ ಮೇಲೆ.

ಬಸ್ ನಿಲ್ದಾಣದ ಗೋಡೆಯಲ್ಲಿ ಆ ಬೆಟ್ಟದ ಚಿತ್ರವಿತ್ತು. ಘಾಟಿಯ ನೆತ್ತಿಯಲ್ಲಿ ಎತ್ತರವನ್ನೂ ಬರೆದಿದ್ದರು: ಎರಡು ಸಾವಿರದ ಮುನ್ನೂರು ಮೀಟರ್. ಕನ್ನಡಕದಕ್ಕ ಎಡಗಣ್ಣಿನಿಂದ ಅದನ್ನು ಓದಿದಳು.

"ಬೇಡ," ಎಂದರು ಅತ್ತಿಗೆ. ಅವರೂ ಓದಿದ್ದರು.

"ಡ್ರೈವರ್‌ನ ಕೇಳಿದೆ ಅತ್ತಿಗೆ. ನೆತ್ತೀಲಿ ಇರೋದು ನಲವತ್ತೇ ನಿಮಿಷ. ಆಮೇಲೆ ಇಳಿಜಾರು. ಎಂಟು ಗಂಟೇಲಿ ಆ ಕಡೆ."

"ಡ್ರೈವರ್ ಕಣ್ಣಲ್ಲಿ ಗುಳ್ಳೆ ಇದೆಯಾ?"

"ಇಲ್ಲೇ ಕೂತ್ರೆ ಮಗು ಕೈತಪ್ಪಿ ಹೋಗುತ್ತೆ. ಕಣ್ಣು ಹೋಗಬಹುದು, ಹೋಗದೇನೂ ಇರಬಹುದು. ಗುರುವಾರ ಮಾತ್ರ ಖಂಡಿತ ಬರುತ್ತೆ."

ಅವಳು ಹಟ ಹಿಡಿದರೆ ಜಪ್ಪಯ್ಯ ಎಂದರೂ ಜಗ್ಗುವವಳಲ್ಲ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವಳೇ ಮೊದಲು ಬಸ್ಸು ಹತ್ತಿ ಕೂತಳು. ಅತ್ತಿಗೆ ಹತ್ತಿದರು, ಆದರೆ ತಮ್ಮ ಕೆಲಸದ ಕಾಲದಲ್ಲಿ ನಿಲ್ಲುತ್ತಿದ್ದ ಹಾಗೆ ಬಾಗಿಲ ಬಳಿಯೇ ಕಂಬ ಹಿಡಿದು ನಿಂತರು.

ಮೊದಲ ಹತ್ತು ತಿರುವು ಏನೂ ಆಗಲಿಲ್ಲ. ಆಮೇಲೆ ಕಿವಿ ಗುಂಯ್ ಎಂದು ಮುಚ್ಚಿತು. ಎಲ್ಲರಿಗೂ ಹಾಗೆಯೇ ಎಂದು ಅವಳು ಸಮಾಧಾನ ಮಾಡಿಕೊಂಡಳು. ಮುಂದಿನ ತಿರುವಿನಲ್ಲಿ ಕಣ್ಣಿನ ಹಿಂದೆ ಯಾರೋ ಹೆಬ್ಬೆರಳಿಟ್ಟು ಒತ್ತಿದಂತಾಯಿತು. ಹಲ್ಲು ಕಚ್ಚಿ ಕೂತಳು. ಹೆಬ್ಬೆರಳು ಮುಷ್ಟಿಯಾಯಿತು. ಮುಚ್ಚಳದ ತೂತುಗಳಿಂದ ಕಾಣುತ್ತಿದ್ದ ಮಸುಕು ಬೆಳಕು ಬೂದಿಯಾಗಿ, ಬೂದಿ ಕಪ್ಪಾಗತೊಡಗಿತು. ಆದರೂ ಬಾಯಿ ಬಿಡಲಿಲ್ಲ. ಬಿಟ್ಟದ್ದು ಅತ್ತಿಗೆ. ಅವಳ ಬಿಳಿಚಿದ ಮುಖ ನೋಡಿದ್ದೇ ತಡ, ಎರಡು ಬೆರಳನ್ನು ತುಟಿಗಿಟ್ಟು ಹಾಕಿದ ಸಿಳ್ಳೆಗೆ ಡ್ರೈವರನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

"ಇಳಿ," ಎಂದರು ಅತ್ತಿಗೆ.

"ಇನ್ನು ಸ್ವಲ್ಪ..."

"ಇಳಿ ಅಂದೆ!"

ರಸ್ತೆಯ ಬದಿಯ ಕಲ್ಲುಕಟ್ಟೆಯ ಮೇಲೆ ಇಬ್ಬರನ್ನೂ ಎರಡು ಚೀಲವನ್ನೂ ಬಿಟ್ಟು ಬಸ್ಸು ತಿರುವಿನಲ್ಲಿ ಮರೆಯಾಯಿತು. ಕನ್ನಡಕದಕ್ಕ ಆಗ ಅತ್ತಳು. ನೋವಿಗಲ್ಲ. ಹೋಗುತ್ತಿದ್ದ ಬಸ್ಸಿನ ಸದ್ದಿಗೆ.

"ನನ್ನ ಕಣ್ಣು, ನನ್ನಿಷ್ಟ. ನೀವ್ಯಾಕೆ ನಿಲ್ಲಿಸಿದ್ರಿ?"

ಅತ್ತಿಗೆ ಅವಳ ಪಕ್ಕ ಕೂತು ಮಂಡಿ ನೀವಿಕೊಂಡರು. "ನೋಡು, ಮಗೂನ ಕರ್ಕೊಂಡು ಬರೋದು ಒಂದು ದಿನದ ಕೆಲಸ. ಸಾಕೋದು ಹತ್ತು ವರ್ಷದ ಕೆಲಸ. ಮೊದಲ ದಿನವೇ ಕಣ್ಣು ಕೊಟ್ಟುಬಿಟ್ರೆ ಆ ಹತ್ತು ವರ್ಷ ಯಾವುದರಲ್ಲಿ ಗಾಜು ಮಸೀತೀಯ? ಅವಳಿಗೆ ಊಟ ಹಾಕೋದು ಯಾವುದರಲ್ಲಿ? ಗುರುವಾರಕ್ಕೆ ಇನ್ನೂ ಮೂರು ದಿನ ಇದೆ. ನಾನಿನ್ನೂ ಸತ್ತಿಲ್ಲ. ಏಳು."

ಕೆಳಗೆ ಹೋಗುತ್ತಿದ್ದ ತರಕಾರಿ ವ್ಯಾನೊಂದು ನಿಂತಿತು. ಕೋಸಿನ ಬುಟ್ಟಿಗಳ ನಡುವೆ ಕೂತು ಇಳಿಯುವಾಗ ಕಣ್ಣಿನ ಮುಷ್ಟಿ ಬೆರಳು ಬೆರಳಾಗಿ ಸಡಿಲವಾಯಿತು. ಬಯಲಿಗೆ ಬರುವಷ್ಟರಲ್ಲಿ ಕಪ್ಪು ಬೂದಿಯಾಗಿ, ಬೂದಿ ಮತ್ತೆ ಬೆಳಕಾಯಿತು. ಅವಳು ಮುಚ್ಚಳದ ಮುಂದೆ ತನ್ನ ಬೆರಳಾಡಿಸಿ ನೆರಳು ನೋಡಿದಳು. "ಕಾಣುತ್ತೆ ಅತ್ತಿಗೆ," ಎಂದಳು. ಅತ್ತಿಗೆ ಆಗಲೇ ನಕ್ಷೆ ಬಿಡಿಸಿದ್ದರು.

ಬೆಟ್ಟವನ್ನು ಹತ್ತಬಾರದೆಂದರೆ ಸುತ್ತಬೇಕು. ಸಮುದ್ರದ ಅಂಚಿನಲ್ಲಿ ಒಂದು ಹಳೆಯ ದಾರಿಯಿತ್ತು. ನೇರ ಬಸ್ಸು ಒಂದೂ ಇಲ್ಲ. ಊರಿಂದ ಊರಿಗೆ ಓಡಾಡುವ ಸಣ್ಣ ಬಸ್ಸುಗಳು ಏಳು, ನಡುವೆ ನದಿ ಸಮುದ್ರ ಸೇರುವ ಅಳಿವೆ ದಾಟಲು ಒಂದು ಲಾಂಚು. ಒಂದು ಕೊಂಡಿ ತಪ್ಪಿದರೆ ಅಲ್ಲಿಗೆ ಮುಗಿಯಿತು.

ಮೊದಲ ಬಸ್ಸಿನ ಕಂಡಕ್ಟರನ ಎದುರು ಅತ್ತಿಗೆ ನಿಂತು, "ಮೂವತ್ತೊಂದು ವರ್ಷ ಟಿಕೆಟ್ ಹರಿದಿದೀನಪ್ಪ ನಾನು. ಒಂದು ಉಪಕಾರ ಕೇಳ್ತೀನಿ, ಇಲ್ಲ ಅನ್ನಬೇಡ," ಎಂದು ಶುರು ಮಾಡಿದರು. ತಂಗಿ, ಮಗು, ಕಣ್ಣು, ಗುರುವಾರ, ಎಲ್ಲವನ್ನೂ ಎರಡು ನಿಲ್ದಾಣದ ನಡುವೆ ಹೇಳಿ ಮುಗಿಸಿದರು. ಅವನು ಟಿಕೆಟ್ ಚೀಲ ಸರಿಸಿ ಫೋನು ತೆಗೆದ. "ಅಣ್ಣಾ, ಇಬ್ಬರು ಬರ್ತಿದಾರೆ. ಐದು ನಿಮಿಷ ಹಿಡ್ಕೋ," ಎಂದು ಮುಂದಿನ ಬಸ್ಸಿನವನಿಗೆ ಹೇಳಿದ. ಅಲ್ಲಿಂದ ಮಾತು ಅವರಿಗಿಂತ ಮುಂದೆ ಓಡತೊಡಗಿತು. ಮೂರನೆಯ ಬಸ್ಸು ಹತ್ತುವಾಗ ಕಂಡಕ್ಟರ್ ಹೆಂಗಸೊಬ್ಬಳು, "ಗುಳ್ಳೆ ಅಮ್ಮ ನೀವೇನಾ?" ಎಂದು ಕೇಳಿ, ಮುಂದಿನ ಸೀಟಿನ ಬೆನ್ನ ಮೇಲೆ ತಲೆಯಿಟ್ಟುಕೊಳ್ಳಲು ತನ್ನ ಕೋಟನ್ನು ಮಡಿಸಿ ಕೊಟ್ಟಳು.

ಮಂಗಳವಾರ ಅಳಿವೆಯ ಕೊನೆಯ ಲಾಂಚು ನಾಲ್ಕಕ್ಕೆ. ಬಸ್ಸು ಅಲ್ಲಿ ತಲುಪಿದಾಗ ನಾಲ್ಕು ಹನ್ನೆರಡು. ಲಾಂಚಿನವನು ಹಗ್ಗ ಬಿಚ್ಚದೆ ಕೂತಿದ್ದ. ಒಳಗಿದ್ದವರು ಗೊಣಗುತ್ತಿದ್ದರು. ಅತ್ತಿಗೆ ಅವರೆಲ್ಲರಿಗೂ ಕೈಮುಗಿದು, "ತಡ ಆಯ್ತು, ಹೊಟ್ಟೆಗೆ ಹಾಕ್ಕೊಳ್ಳಿ," ಎಂದರು. ಆಮೇಲೆ ಅಭ್ಯಾಸಬಲದಿಂದ, "ಸ್ವಲ್ಪ ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಬೇಕಾದಷ್ಟಿದೆ," ಎಂದು ಎಲ್ಲರನ್ನೂ ಒತ್ತರಿಸಿದರು. ಗೊಣಗುತ್ತಿದ್ದವರೇ ನಕ್ಕರು.

ಬುಧವಾರ ಮಧ್ಯಾಹ್ನ ಏಳನೆಯ ಬಸ್ಸಿನಿಂದ ಇಳಿದು, ಬೆಟ್ಟದಾಚೆಯ ರೈಲು ಹಿಡಿದರು. ಗುರುವಾರ ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ರೈಲು ಆ ನಗರದಲ್ಲಿ ನಿಂತಿತು. ನಿಲ್ದಾಣದ ಕೊಳಾಯಿಯಲ್ಲಿ ಮುಖ ತೊಳೆದು, ಸೀರೆಗೆ ಅಂಟಿದ್ದ ಕೋಸಿನ ಎಲೆಯ ಚೂರನ್ನು ಅತ್ತಿಗೆ ಕಿತ್ತು ಬಿಸಾಡಿ, ಹತ್ತೂ ಐವತ್ತಕ್ಕೆ ಇಬ್ಬರೂ ಕೋರ್ಟಿನ ಬೆಂಚಿನ ಮೇಲೆ ಕೂತಿದ್ದರು.

ಅದು ಸಣ್ಣ ಕೋಣೆ. ನ್ಯಾಯಾಧೀಶೆ ಕನ್ನಡಕ ಹಾಕಿದ್ದರು. ಅದರ ಎಡಗಾಜು ಒಂದಿಷ್ಟು ಸಡಿಲವಾಗಿದೆ ಎಂಬುದು ಈ ಅವಸ್ಥೆಯಲ್ಲೂ ಕನ್ನಡಕದಕ್ಕನ ಗಮನಕ್ಕೆ ಬಂತು. ಅವರು ಕಡತ ತಿರುವಿ, "ನೀವು ಶನಿವಾರ ಹೊರಟಿರಿ ಅಂತ ವಕೀಲರು ಬರೆದಿದಾರೆ. ವಿಮಾನದಲ್ಲಿ ನಾಲ್ಕು ಗಂಟೆ. ಐದು ದಿನ ಯಾಕೆ?" ಎಂದು ಕೇಳಿದರು.

ಅವಳು ಹೇಳಿದಳು. ಮುಚ್ಚಿಡಲಿಲ್ಲ. ಬೆಟ್ಟದ ಬಸ್ಸು ಹತ್ತಿದ್ದನ್ನೂ ಹೇಳಿದಳು.

ಇಲಾಖೆಯ ಅಧಿಕಾರಿಣಿ ಎದ್ದು ನಿಂತರು. ಕೆಟ್ಟ ಹೆಂಗಸಲ್ಲ ಆಕೆ, ದನಿಯಲ್ಲಿ ಮುಜುಗರವಿತ್ತು. "ಇವರ ಕೆಲಸವೇ ಕಣ್ಣಿನ ಕೆಲಸ. ನಾಳೆ ಕಣ್ಣು ಸರಿಹೋಗದಿದ್ರೆ ಮಗುವಿನ ಗತಿ ಏನು ಅಂತ ಯೋಚಿಸಬೇಕಾಗುತ್ತೆ ಮೇಡಂ. ಪಟ್ಟಿಯಲ್ಲಿರೋ ಕುಟುಂಬ ಇದೇ ಊರಲ್ಲಿದೆ."

ನ್ಯಾಯಾಧೀಶೆ ಕನ್ನಡಕದಕ್ಕನ ಕಡೆ ನೋಡಿದರು.

"ಕಣ್ಣು ಸರಿಹೋಗುತ್ತೆ ಅಂತ ನಾನು ಮಾತು ಕೊಡಕ್ಕಾಗಲ್ಲ ಮೇಡಂ," ಎಂದಳು ಅವಳು. "ಡಾಕ್ಟ್ರೂ ಕೊಟ್ಟಿಲ್ಲ. ಇನ್ನೊಂದು ಕಣ್ಣು ಚೆನ್ನಾಗಿದೆ, ಅದರಲ್ಲೂ ಗಾಜು ಮಸೀಬಹುದು, ಸ್ವಲ್ಪ ನಿಧಾನ ಆಗುತ್ತೆ ಅಷ್ಟೆ. ಬಾಕಿ ಯಾವ ಮಾತು ಬೇಕಾದ್ರೂ ಕೇಳಿ. ಅವಳು ನನ್ನ ತಂಗಿ ಮಗಳು. ಅವಳನ್ನ ಇಲ್ಲಿ ಬಿಟ್ಟು ಹೋಗೋಕೆ ನಾನು ಬಂದಿಲ್ಲ."

"ಬೆಟ್ಟದ ಬಸ್ಸು ಹತ್ತಿದ್ರಿ ಅಂದ್ರಿ. ಇಳಿದದ್ದು ಯಾಕೆ?"

"ಕರ್ಕೊಂಡು ಬರೋದು ಒಂದು ದಿನದ ಕೆಲಸ, ಸಾಕೋದು ಹತ್ತು ವರ್ಷದ ಕೆಲಸ ಅಂತ ನಮ್ಮತ್ತಿಗೆ ಹೇಳಿದ್ರು."

"ಎಲ್ಲಿದಾರೆ ನಿಮ್ಮತ್ತಿಗೆ?"

"ಇಲ್ಲಿದೀನಿ ಮೇಡಂ!" ಹಿಂದಿನ ಬೆಂಚಿನಿಂದ ಬಂದ ದನಿಗೆ ಗುಮಾಸ್ತ ಬೆಚ್ಚಿ ಪೆನ್ನು ಬೀಳಿಸಿದ. "ಮನೇಲಿ ನಾವಿಬ್ಬರು. ಇವಳು ಅಂಗಡೀಲಿದ್ದಾಗ ನಾನು ಮನೇಲಿರ್ತೀನಿ. ನನ್ನ ಕಣ್ಣು ಎರಡೂ ಗಟ್ಟಿ. ಕೊನೇ ಸೀಟಿನೋರ ಟಿಕೆಟ್ಟು ಇಲ್ಲಿಂದಲೇ ಓದ್ತೀನಿ."

ನ್ಯಾಯಾಧೀಶೆ ನಗಲಿಲ್ಲ, ತಲೆ ತಗ್ಗಿಸಿ ಬಹಳ ಹೊತ್ತು ಬರೆದರು. ಆಮೇಲೆ ಬರೆದದ್ದನ್ನು ಓದಿದರು. ಮಗುವನ್ನು ದೊಡ್ಡಮ್ಮನಿಗೆ ಒಪ್ಪಿಸಬೇಕು. ಆರು ತಿಂಗಳಿಗೊಮ್ಮೆ ಇಲಾಖೆಯವರು ಮನೆಗೆ ಬಂದು ನೋಡುತ್ತಾರೆ. ಕನ್ನಡಕದಕ್ಕನಿಗೆ ಮೊದಲ ವಾಕ್ಯದ ಮುಂದೆ ಒಂದೂ ಕಿವಿಗೆ ಬೀಳಲಿಲ್ಲ.

ಹುಡುಗಿ ಪಕ್ಕದ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತಿದ್ದಳು. ಓಡಿ ಬರಲಿಲ್ಲ. ಎದ್ದೂ ನಿಲ್ಲಲಿಲ್ಲ.

"ನಾಲ್ಕೇ ಗಂಟೆ ಅಂದಿದ್ರಿ ದೊಡ್ಡಮ್ಮ," ಎಂದಳು. "ಕರೆದ್ರೆ ನಾಲ್ಕು ಗಂಟೇಲಿ ಬರ್ತೀನಿ ಅಂದಿದ್ರಿ. ಶನಿವಾರ ಹೊರಟಿದಾರೆ ಅಂದ್ರು. ನಾನು ಶನಿವಾರ ಬೂಟು ಹಾಕ್ಕೊಂಡು ಕೂತಿದ್ದೆ. ಭಾನುವಾರಾನೂ ಕೂತಿದ್ದೆ."

ಕನ್ನಡಕದಕ್ಕ ಹುಡುಗಿಯ ಎದುರು ನೆಲದ ಮೇಲೆಯೇ ಕುಳಿತಳು.

"ಹೌದು, ಅಂದಿದ್ದೆ. ತಪ್ಪಾಯ್ತು. ವಿಮಾನ ಹತ್ತೋ ಹಾಗಿರಲಿಲ್ಲ ಪುಟ್ಟಿ. ಈ ಕಣ್ಣಲ್ಲಿ ಒಂದು ಗುಳ್ಳೆ ಇದೆ, ಮೇಲೆ ಹೋದ್ರೆ ಒಡೀತಿತ್ತು. ಅದಕ್ಕೆ ನೆಲದ ಮೇಲೆ ಬಂದೆ. ಎರಡು ರೈಲು, ಎಂಟು ಬಸ್ಸು, ಒಂದು ಲಾಂಚು, ಒಂದು ತರಕಾರಿ ವ್ಯಾನು."

ಹುಡುಗಿ ಮುಖ ತಿರುಗಿಸಿದಳು. "ತರಕಾರಿ ವ್ಯಾನಾ?"

"ಕೋಸಿನ ಬುಟ್ಟಿ ಮೇಲೆ," ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ. "ನಾನು ನಿನ್ನ ಅತ್ತೆ. ಇನ್ನೂ ಆ ವಾಸನೆ ಹೋಗಿಲ್ಲ, ಮೂಸಿ ನೋಡು."

ಹುಡುಗಿ ಮೂಸಲಿಲ್ಲ. ಆದರೆ ಕೈಚಾಚಿ ಕಣ್ಣಿನ ಮುಚ್ಚಳವನ್ನು ಒಂದು ಬೆರಳಿನಿಂದ ಮುಟ್ಟಿದಳು. "ಇದರಲ್ಲಿ ನಾನು ಕಾಣ್ತೀನಾ?"

ಕನ್ನಡಕದಕ್ಕ ಮುಚ್ಚಳ ತೆಗೆದು, ಎಡಗಣ್ಣು ಮುಚ್ಚಿ ನೋಡಿದಳು. "ಹಣೆ ಕಾಣುತ್ತೆ. ಅದರಿಂದ ಕೆಳಗೆ ನೀರಲ್ಲಿ ಮುಳುಗಿದೀಯ."

"ಹಾಗಾದ್ರೆ ನಾನು ಅತ್ರೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ," ಎಂದು ಅವಳು ಇನ್ನೊಂದು ಕಣ್ಣನ್ನೂ ತೆರೆದಳು. ಹುಡುಗಿ ಅವಳ ಹೆಗಲ ಮೇಲೆ ಮುಖವಿಟ್ಟು, ಐದು ತಿಂಗಳಿಂದ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅತ್ತಳು. ಯಾರೂ ಅವಸರ ಮಾಡಲಿಲ್ಲ.

ಹಿಂದಿರುಗುವುದೂ ನೆಲದ ಮೇಲೆಯೇ ಎಂದಾಯಿತು. ಬೇಕಾದರೆ ಗುಳ್ಳೆ ಕರಗುವವರೆಗೆ ಹುಡುಗಿ ಇಲ್ಲೇ ಇರಲಿ, ಆಮೇಲೆ ಆರಾಮವಾಗಿ ವಿಮಾನದಲ್ಲಿ ಕರೆದುಕೊಂಡು ಹೋಗಿ ಎಂದರು ಅಧಿಕಾರಿಣಿ. ಹುಡುಗಿ ಆ ಮಾತು ಮುಗಿಯುವ ಮೊದಲೇ ಚೀಲ ಹೆಗಲಿಗೇರಿಸಿದ್ದಳು.

ಎರಡನೆಯ ದಿನ, ಸಮುದ್ರದಂಚಿನ ಸಣ್ಣ ಬಸ್ಸೊಂದರಲ್ಲಿ, ಇಬ್ಬರು ಹೆಂಗಸರ ನಡುವೆ ಕೂತಿದ್ದ ಹುಡುಗಿ ತಾನು ಓದುವ ಹೊಸ ಶಾಲೆ ಮನೆಗೆ ಎಷ್ಟು ದೂರ ಎಂದು ಕೇಳಿದಳು.

"ನಡೆದರೆ ಹನ್ನೆರಡು ನಿಮಿಷ," ಎಂದಳು ಕನ್ನಡಕದಕ್ಕ, ತಗ್ಗಿಸಿದ ತಲೆಯನ್ನು ಎತ್ತದೆಯೇ. ತಕ್ಷಣ ಏನೋ ಅನುಮಾನ ಬಂದಂತೆ ಸೇರಿಸಿದಳು, "ನಿನ್ನ ಕಾಲಿಗೆ ಹದಿನೈದು ಆಗಬಹುದು. ಮಳೆ ಬಂದರೆ ಇಪ್ಪತ್ತು. ಹೋಗಿ ನೋಡಿಯೇ ಹೇಳ್ತೀನಿ."